ನಾಲ್ಕು ಬೆರಳು ಕೆಳಗೆ ನಿಂತ ಲಿಫ್ಟ್

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷದ ಮಾತು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ವಿದ್ಯುತ್ ವಿಭಾಗದಿಂದ ಸ್ವಯಂನಿವೃತ್ತಿ ಪಡೆದು ನಾನು ಸಲಹಾ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೆ. ಗವಿಪುರದ ನಮ್ಮ ಮನೆಯ ಮುಂದಿನ ಕೋಣೆಯೇ ಕಚೇರಿ. ಬೇರೆಯವರು ಹಾಕಿದ ಕಂಟ್ರೋಲ್ ಪ್ಯಾನೆಲ್‌ಗಳು ಕೈಕೊಟ್ಟಾಗ ಹೋಗಿ ಕಾರಣ ಹುಡುಕುವುದು ನನ್ನ ಕಸುಬು. ಕೆಟ್ಟು ನಿಂತ ಯಂತ್ರದ ಎದುರು ನಾನು ಹೆದರಿದವಳಲ್ಲ. ಒಮ್ಮೆ ಕೆಟ್ಟು ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಯಂತ್ರ ಮಾತ್ರ ನನ್ನ ನೆಮ್ಮದಿ ಕೆಡಿಸುತ್ತದೆ. ಬಸವನಗುಡಿಯ ಒಂದು ಹೆರಿಗೆ ಆಸ್ಪತ್ರೆಯ ಲಿಫ್ಟ್ ಅಂಥದ್ದು.

ಆಸ್ಪತ್ರೆಯ ಒಡತಿ ಡಾಕ್ಟರ್ ವಿಶಾಲಾಕ್ಷಿ ಒಂದು ಬೆಳಿಗ್ಗೆ ತಾವೇ ಫೋನ್ ಮಾಡಿ ಕರೆಸಿಕೊಂಡರು. ಹಿಂದಿನ ವಾರ ಸಂಜೆ ನಾಲ್ಕರ ಭೇಟಿ ಸಮಯದಲ್ಲಿ, ಮೊಮ್ಮಗುವನ್ನು ನೋಡಲು ಬಂದಿದ್ದ ಕಮಲಾ ಎಂಬ ನಿವೃತ್ತ ಶಿಕ್ಷಕಿ ಎರಡನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಗೆ ಕಾಲಿಡುವಾಗ ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಮೂರನೇ ಮಹಡಿಗೆ ಹೋಗಿ ಇಳಿದು ಬಂದ ಲಿಫ್ಟ್ ಮಹಡಿಯ ನೆಲಕ್ಕೆ ಸಮನಾಗಿ ನಿಲ್ಲದೆ ಸುಮಾರು ನಾಲ್ಕು ಬೆರಳು ಕೆಳಗೆ ನಿಂತು ಬಾಗಿಲು ತೆರೆದಿತ್ತು. ನೆಲದ ಮಟ್ಟಕ್ಕೆ ತೀರಾ ಹತ್ತಿರವಿದ್ದರೆ ಬಾಗಿಲು ತೆರೆಯಲು ಸುರಕ್ಷಾ ಸಾಧನ ಅಡ್ಡಿ ಮಾಡುವುದಿಲ್ಲ. ನಾಲ್ಕು ಬೆರಳು ಆ ಮಿತಿಯೊಳಗೇ ಇತ್ತು.

ಆಗ ಲಿಫ್ಟಿನೊಳಗೆ ಇದ್ದವನು ಅಟೆಂಡರ್ ಮುನಿರಾಜು. ಲಿಫ್ಟಿನ ಹಳೆಯ ರಿಲೇ ಪ್ಯಾನೆಲ್ ತೆಗೆದು ಕಂಪ್ಯೂಟರಿನಿಂದ ನಡೆಯುವ ಹೊಸದನ್ನು ಹಾಕಿಕೊಟ್ಟಿದ್ದ ಗುತ್ತಿಗೆದಾರರು ಅಪಘಾತದ ಮರುದಿನವೇ ಬಂದು ಪರೀಕ್ಷಿಸಿ ವರದಿ ಕೊಟ್ಟಿದ್ದರು: ಯಂತ್ರದಲ್ಲಿ ದೋಷವಿಲ್ಲ, ಅಟೆಂಡರ್ ಮ್ಯಾನ್ಯುಯಲ್ ಸ್ವಿಚ್ ತಿರುಗಿಸಿ ಮಧ್ಯೆ ನಿಲ್ಲಿಸಿರಬೇಕು. ಅಂದೇ ಮುನಿರಾಜುವನ್ನು ಲಿಫ್ಟಿನಿಂದ ತೆಗೆದು ಗೇಟಿನ ಬಳಿ ನಿಲ್ಲಿಸಲಾಯಿತು. ಅಲ್ಲಿಂದೀಚೆಗೆ ಲಿಫ್ಟ್ ಒಮ್ಮೆಯೂ ತಪ್ಪಿರಲಿಲ್ಲ.

"ಅವನನ್ನ ತೆಗೆದ ಮೇಲೆ ಸರಿ ಹೋಯ್ತು ಅಂತ ಎಲ್ಲಾರೂ ಹೇಳ್ತಿದಾರೆ," ಎಂದರು ಡಾಕ್ಟರ್. "ಆದ್ರೆ ನನ್ನ ಆಪರೇಷನ್ ಥಿಯೇಟರ್ ಇರೋದು ಮೂರನೇ ಮಹಡೀಲಿ. ಮೆಟ್ಟಿಲ ತಿರುವಲ್ಲಿ ಸ್ಟ್ರೆಚರ್ ತಿರುಗಲ್ಲ. ಈ ಲಿಫ್ಟ್ ನಂಬಬೋದಾ ಇಲ್ವಾ, ಅಷ್ಟು ಹೇಳಿ ನನಗೆ."

ವರದಿಯ ಕೆಳಗಿನ ಸಹಿ ನೋಡಿ ನನಗೆ ಇರುಸುಮುರುಸಾಯಿತು. ಅದು ಪ್ರಕಾಶನದು. ನಾನು, ಅವನು ಒಂದೇ ಬ್ಯಾಚಿನಲ್ಲಿ ಕಾರ್ಖಾನೆ ಸೇರಿದವರು. ಒಂದೇ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಊಟ ಮಾಡಿದವರು. ಅವನೂ ನನ್ನಂತೆಯೇ ಹೊರಬಂದು ಮಲ್ಲೇಶ್ವರದಲ್ಲಿ ಪ್ಯಾನೆಲ್ ಮಾಡುವ ಸಣ್ಣ ವ್ಯಾಪಾರ ಇಟ್ಟುಕೊಂಡಿದ್ದ.

ಮೊದಲು ಕಣ್ಣಿಗೆ ಕಾಣುವುದನ್ನೆಲ್ಲ ನೋಡಿದೆ. ಬ್ರೇಕ್ ಲೈನಿಂಗ್ ಸವೆದಿರಲಿಲ್ಲ. ಹಗ್ಗ ಜಾರುತ್ತಿರಲಿಲ್ಲ. ಪ್ರತಿ ಮಹಡಿಯ ಮಟ್ಟ ಗುರುತಿಸುವ ಸೆನ್ಸರುಗಳು ಸರಿಯಾಗಿದ್ದವು. ಭಾರ ಹಾಕಿ, ಭಾರ ಇಳಿಸಿ, ಒಂದೊಂದು ಮಹಡಿಗೂ ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಲಿಫ್ಟ್ ನೆಲಕ್ಕೆ ಸಮನಾಗಿ, ಹದವಾಗಿ ಬಂದು ನಿಂತಿತು. ಹಾಗೆ ನಿಂತಷ್ಟೂ ನನ್ನ ಚಡಪಡಿಕೆ ಹೆಚ್ಚಾಯಿತು. ಹಸಿ ಬಾಣಂತಿಯರು, ಹೊಲಿಗೆ ಒಣಗದವರು ಅದರಲ್ಲೇ ಓಡಾಡುತ್ತಿದ್ದರು. ಬಾಗಿಲು ತೆರೆಯುವ ಸದ್ದು ಕೇಳಿದಾಗಲೆಲ್ಲ ನನ್ನ ಕಣ್ಣು ಹೊಸ್ತಿಲಿಗೆ ಹೋಗುತ್ತಿತ್ತು. ಮನೆಗೆ ಬಂದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುಕ್ಕರ್ ಇಟ್ಟು ಮರೆಯುತ್ತಿದ್ದೆ.

ಮುನಿರಾಜು ಐವತ್ತು ದಾಟಿದ ಮನುಷ್ಯ, ಮಾವಳ್ಳಿಯವನು. ಗೇಟಿನ ಬಳಿ ಮಾತಾಡಿಸಲು ಹೋದರೆ ಮುಖ ತಿರುಗಿಸಿದ.

"ನಾನೇನೂ ಹೇಳಲ್ಲ ಮೇಡಂ. ಹೇಳಿದ್ರೆ ಅದಕ್ಕೊಂದು ಸೇರಿಸ್ತಾರೆ."

"ನಾನು ಸೇರಿಸಲ್ಲ. ಆ ಸ್ವಿಚ್ ಮುಟ್ಟಿದ್ರಾ?"

"ಮುಟ್ಲಿಲ್ಲ." ಗೇಟು ಎಳೆದು ಹಾಕಿ ಅವನೇ ಮಾತು ಮುಂದುವರಿಸಿದ. "ಬಿದ್ದೋರು ಯಾರು ಗೊತ್ತಾ? ನಮ್ಮ ಬೀದಿಯೋರೇ. ನನ್ನ ಮಗಳಿಗೆ ಪಾಠ ಹೇಳಿಕೊಟ್ಟಿರೋ ಟೀಚರ್. ಈಗ ಬೀದೀಲಿ ಏನಂತಾರೆ ಅಂದ್ರೆ, ಮುನಿರಾಜು ಟೀಚರ್ ಕೈ ಮುರಿದ ಅಂತಾರೆ. ಹಾಲು ತರೋಕೆ ಹೋಗೋದಕ್ಕೂ ಆಗ್ತಿಲ್ಲ ನನಗೆ."

ಅದಾದ ಮೇಲೆ ಟೆರೇಸಿನ ಮೆಷಿನ್ ರೂಮಿಗೆ ಹೋಗಿ ಲ್ಯಾಪ್‌ಟಾಪ್ ಜೋಡಿಸಿ ಪಿಎಲ್‌ಸಿಯನ್ನು ತೆರೆದೆ. ಪಿಎಲ್‌ಸಿ ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಚಿಕ್ಕ, ಗಟ್ಟಿಮುಟ್ಟಾದ ಕಂಪ್ಯೂಟರ್. ಇದು ಕೆಲಸ ಮಾಡುವ ರೀತಿ ಬಹಳ ಸರಳ. ಮೊದಲು ತನಗೆ ಜೋಡಿಸಿರುವ ಗುಂಡಿ, ಸೆನ್ಸರುಗಳ ಸ್ಥಿತಿಯನ್ನೆಲ್ಲ ಒಮ್ಮೆ ಓದಿಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓಡಿಸುತ್ತದೆ. ಕೊನೆಗೆ ಮೋಟಾರು, ಬ್ರೇಕು, ಬಾಗಿಲುಗಳಿಗೆ ಆಜ್ಞೆ ಕೊಡುತ್ತದೆ. ಮತ್ತೆ ಮೊದಲಿಂದ ಶುರು. ಈ ಒಂದು ಸುತ್ತಿಗೆ ಹಿಡಿಯುವ ಸಮಯವೇ ಸೈಕಲ್ ಟೈಮ್, ಅಥವಾ ಸ್ಕ್ಯಾನ್ ಟೈಮ್. ಈ ಲಿಫ್ಟಿನಲ್ಲಿ ಅದು ಹನ್ನೆರಡು ಮಿಲಿಸೆಕೆಂಡ್ ಇತ್ತು. ಅಂದರೆ ಒಂದು ಸೆಕೆಂಡಿನಲ್ಲಿ ಎಂಬತ್ತಕ್ಕೂ ಹೆಚ್ಚು ಸುತ್ತು. ಮಹಡಿ ಬಂತು ಎಂದು ಸೆನ್ಸರ್ ಹೇಳಿದ ಕೂಡಲೇ ಪಿಎಲ್‌ಸಿಗೆ ಗೊತ್ತಾಗಿ ಬ್ರೇಕ್ ಬೀಳಲು ಅಷ್ಟು ಧಾರಾಳವಾಗಿ ಸಾಕು.

ಈಗಿನ ಸ್ಕ್ಯಾನ್ ಟೈಮಿನ ಪಕ್ಕದಲ್ಲೇ, ಅದುವರೆಗೆ ತಗುಲಿದ ಅತಿ ಹೆಚ್ಚು ಸಮಯವನ್ನೂ ಪಿಎಲ್‌ಸಿ ನೆನಪಿಟ್ಟುಕೊಂಡಿರುತ್ತದೆ. ಆ ಅಂಕಿ ನೋಡಿ ನಾನು ಎದ್ದು ನಿಂತೆ. ನಾನೂರ ಮೂವತ್ತು ಮಿಲಿಸೆಕೆಂಡ್! ಯಾವಾಗಲೋ ಒಂದು ಸಲ ಈ ಪಿಎಲ್‌ಸಿ ತನ್ನ ಒಂದು ಸುತ್ತು ಮುಗಿಸಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ತೆಗೆದುಕೊಂಡಿತ್ತು. ಮಹಡಿ ಹತ್ತಿರವಾದಾಗ ಈ ಲಿಫ್ಟ್ ಸೆಕೆಂಡಿಗೆ ಸುಮಾರು ಹದಿನೈದು ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ. ಅರ್ಧ ಸೆಕೆಂಡ್ ತಡವಾದರೆ ಏಳು ಸೆಂಟಿಮೀಟರ್. ಕೈ ಚಾಚಿ ಬೆರಳುಗಳನ್ನು ಜೋಡಿಸಿ ನೋಡಿಕೊಂಡೆ. ನಾಲ್ಕು ಬೆರಳು.

ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ಸುತ್ತು ಮಿತಿಮೀರಿ ತಡವಾದರೆ ಯಂತ್ರವನ್ನೇ ನಿಲ್ಲಿಸಿಬಿಡುವ ಕಾವಲು ವ್ಯವಸ್ಥೆ ಪಿಎಲ್‌ಸಿಯಲ್ಲಿ ಇರುತ್ತದೆ. ವಾಚ್‌ಡಾಗ್ ಎನ್ನುತ್ತಾರೆ. ತಯಾರಕರು ಅದನ್ನು ನೂರೈವತ್ತು ಮಿಲಿಸೆಕೆಂಡಿಗೆ ಇಟ್ಟಿದ್ದರು. ಇಲ್ಲಿ ಯಾರೋ ಅದನ್ನು ಒಂದು ಪೂರ್ತಿ ಸೆಕೆಂಡಿಗೆ ಏರಿಸಿದ್ದರು.

ಪ್ರಕಾಶನಿಗೆ ಫೋನ್ ಮಾಡಿದೆ.

"ವಾಚ್‌ಡಾಗ್ ಯಾಕೆ ಜಾಸ್ತಿ ಮಾಡಿದೀಯ?"

"ಅದಾ? ಹೊಸದಾಗಿ ಓಡಿಸಿ ನೋಡೋ ಟೈಮಲ್ಲಿ ಒಂದೆರಡು ಸಲ ಸುಮ್ಸುಮ್ನೆ ಟ್ರಿಪ್ ಆಗಿ ನಿಂತೋಯ್ತು ಶೈಲಾ. ಏರಿಸಿದ್ಮೇಲೆ ತೊಂದ್ರೆ ಇಲ್ಲ. ಯಾಕೆ, ನಿನ್ನನ್ನ ಕರ್ಸಿದಾರಾ ಅಲ್ಲಿಗೆ?" ಕೊನೆಯ ಮಾತಿನಲ್ಲಿ ನೋವಿತ್ತೋ ಸಿಟ್ಟಿತ್ತೋ ತಿಳಿಯಲಿಲ್ಲ.

"ಯಾಕೆ ಟ್ರಿಪ್ ಆಯ್ತು ಅಂತ ನೋಡಿದ್ಯಾ?"

"ಲಿಫ್ಟ್ ನಡೀತಿದೆ ತಾನೇ," ಎಂದು ಫೋನಿಟ್ಟ.

ಯಾವಾಗ, ಏನಾದಾಗ ಸುತ್ತು ತಡವಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹಳೆಯ ಅಂಕಿ ಅಳಿಸಿ, ಹೊಸದಾಗಿ ದಾಖಲಾಗಲು ಬಿಟ್ಟು ಕಾದೆ. ಎರಡು ದಿನ ಹನ್ನೆರಡು, ಹದಿಮೂರು, ಹೆಚ್ಚೆಂದರೆ ಹದಿನಾಲ್ಕು. ಮೆಷಿನ್ ರೂಮಿನಿಂದ ಎದ್ದು ಟೆರೇಸಿಗೆ ಬರುವುದು, ಗಾಂಧಿ ಬಜಾರಿನ ಕಡೆಯ ಹಾರ್ನ್ ಸದ್ದು ಕೇಳುತ್ತ ನೀರಿನ ಟ್ಯಾಂಕಿನ ಸುತ್ತ ನಡೆಯುವುದು, ಮತ್ತೆ ಒಳಗೆ ಹೋಗಿ ಪರದೆ ನೋಡುವುದು, ಇಷ್ಟೇ ಆಗಿತ್ತು. ಕೊನೆಗೆ ನನ್ನನ್ನೇ ಕೇಳಿಕೊಂಡೆ: ಅಪಘಾತದ ನಂತರ ಮುನಿರಾಜುವನ್ನು ತೆಗೆದದ್ದು ಬಿಟ್ಟರೆ ಬೇರೇನು ಬದಲಾಗಿದೆ? ಉತ್ತರ ಲಿಫ್ಟಿನ ಬಾಗಿಲ ಮೇಲೆಯೇ ಅಂಟಿಸಿತ್ತು. 'ರೋಗಿಗಳಿಗೆ ಮಾತ್ರ.' ಅಂದಿನಿಂದ ಭೇಟಿಗೆ ಬರುವವರೆಲ್ಲ ಮೆಟ್ಟಿಲು ಹತ್ತುತ್ತಿದ್ದರು.

ಡಾಕ್ಟರನ್ನು ಒಂದೇ ಒಂದು ಸಂಜೆ ಆ ಚೀಟಿ ತೆಗೆಸಲು ಕೇಳಿದೆ. ಅವರು ಹುಬ್ಬು ಗಂಟಿಕ್ಕಿದರು. "ಇನ್ನೊಬ್ರು ಬಿದ್ರೆ?" ಲಿಫ್ಟಿನೊಳಗೆ ಹೊಸ ಅಟೆಂಡರ್ ಇರಲಿ, ನೆಲ ಸಮ ಇದೆಯೆಂದು ನೋಡುವವರೆಗೆ ಯಾರನ್ನೂ ಇಳಿಯಲು ಬಿಡದಿರಲಿ ಎಂದು ಗೊತ್ತುಮಾಡಿಕೊಂಡೆವು. ಎರಡನೇ ಮಹಡಿಯ ಲಿಫ್ಟ್ ಬಾಗಿಲೆದುರು ನಿಂತು ನನಗೆ ಫೋನಿನಲ್ಲಿ ಹೇಳಲು ಒಬ್ಬರು ಬೇಕಿತ್ತು. ಮುನಿರಾಜುವನ್ನು ಕೇಳಿದೆ. ಆಗಲ್ಲ ಎಂದ.

"ಏನೂ ಮುಟ್ಟೋದು ಬೇಡ. ಕಂಡಿದ್ದು ಹೇಳಿದ್ರೆ ಸಾಕು."

ಹಿಂಜರಿಯುತ್ತಲೇ ಬಂದ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಫೋನನ್ನು ಕೊರಳಿಗೆ ತೂಗುಹಾಕಿಕೊಂಡು ನಿಂತಿದ್ದನಂತೆ. ಆಮೇಲೆ ಸಿಸ್ಟರ್ ಒಬ್ಬರು ಹೇಳಿದರು.

ಭೇಟಿ ಸಮಯ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಗರಿಷ್ಠ ಅಂಕಿ ಹದಿನಾಲ್ಕರಿಂದ ಒಮ್ಮೆಗೇ ಇನ್ನೂರ ಹತ್ತಕ್ಕೆ ಹಾರಿತು. ಮರುಕ್ಷಣ ಮುನ್ನೂರ ತೊಂಬತ್ತು.

"ಮುನಿರಾಜು, ಈಗ ಅಲ್ಲೇನಾಯ್ತು?"

"ಏನೂ ಆಗ್ಲಿಲ್ಲ ಮೇಡಂ. ಲಿಫ್ಟ್ ಕೆಳಗಡೆ ಇದೆ."

"ಯಾರಿದಾರೆ ಅಲ್ಲಿ?"

"ಒಬ್ರು ಇದಾರೆ. ಅವರ ಮಿಸೆಸ್‌ನ ಈಗ ಲೇಬರ್ ವಾರ್ಡಿಗೆ ಕರ್ಕೊಂಡು ಹೋದ್ರು. ನಿಂತಲ್ಲಿ ನಿಲ್ತಿಲ್ಲ, ಅತ್ಲಾಗೆ ಇತ್ಲಾಗೆ ಓಡಾಡ್ತಿದಾರೆ. ಅತ್ತೆ ಕೆಳಗಿಂದ ಬರ್ಬೇಕಂತೆ, ಲಿಫ್ಟ್ ಬರ್ಲಿಲ್ಲ ಅಂತ ಆ ಕೆಂಪು ಬಟನ್ ಒತ್ತುತ್ತಾನೇ ಇದಾರೆ. ಬೇಡ ಸಾರ್ ಅನ್ಲಾ?"

"ಬೇಡ, ಬೇಡ! ಅಲ್ಲೇ ಇರಿ."

ಕೆಂಪು ಗುಂಡಿ ಸ್ಟ್ರೆಚರ್ ತುರ್ತಿಗೆಂದು ಪ್ರತಿ ಮಹಡಿಯಲ್ಲೂ ಹಾಕಿದ್ದು. ಅದನ್ನು ನಾನೂ ಪರೀಕ್ಷೆಯ ವೇಳೆ ಒತ್ತಿದ್ದೆ. ಒಂದೇ ಸಲ, ನೆಲಮಹಡಿಯಲ್ಲಿ, ಲಿಫ್ಟ್ ನಿಂತಿದ್ದಾಗ. ಈಗ ಮೆಟ್ಟಿಲು ಇಳಿದು ಓಡಿದೆ. ಲಿಫ್ಟನ್ನು ಖಾಲಿ ಮಾಡಿಸಿ ಮೂರನೇ ಮಹಡಿಗೆ ಕಳಿಸಿ, ಆ ಯುವಕನಿಗೆ ಹೇಳಿದೆ: "ಸಾರ್, ಲಿಫ್ಟ್ ಈಗ ಮೇಲಿಂದ ಇಳಿದು ಬರುತ್ತೆ. ಇಲ್ಲಿ ಬಂದು ನಿಲ್ಲೋವರೆಗೂ ಮೊದಲು ಒತ್ತುತ್ತಿದ್ರಲ್ಲ, ಹಾಗೇ ಒತ್ತುತ್ತಾ ಇರಿ."

ಅವನು ಕಕ್ಕಾಬಿಕ್ಕಿಯಾಗಿ ನೋಡಿದ. ಆದರೆ ಅವನ ಬೆರಳಿಗೂ ಏನಾದರೊಂದು ಕೆಲಸ ಬೇಕಿತ್ತು. ಟಕ ಟಕ ಟಕ ಎಂದು ಒತ್ತತೊಡಗಿದ. ಲಿಫ್ಟ್ ಇಳಿದು ಬಂತು. ನಿಂತಿತು. ಬಾಗಿಲು ತೆರೆಯಿತು. ಒಳಗಿನ ನೆಲ ನಮ್ಮ ನೆಲಕ್ಕಿಂತ ಕೆಳಗಿತ್ತು.

ಮುನಿರಾಜು ಬೆನ್ನ ಹಿಂದಿನ ಕೈ ಬಿಡಿಸಿ, ಮೊಣಕಾಲೂರಿ ಕೂತು, ಆ ಅಂತರದಲ್ಲಿ ಬೆರಳುಗಳನ್ನು ಅಡ್ಡವಾಗಿ ಇಟ್ಟು ನೋಡಿದ. ನಾಲ್ಕೂ ಬೆರಳು ಸರಿಯಾಗಿ ಹಿಡಿಸಿದವು.

"ನಾನೇನಾದ್ರೂ ಹಾಳು ಮಾಡಿಬಿಟ್ನಾ?" ಎಂದು ಯುವಕ ಗಾಬರಿಯಿಂದ ಕೇಳಿದ.

"ಇಲ್ಲಪ್ಪ. ನೀವು ಬಹಳ ಉಪಕಾರ ಮಾಡಿದ್ರಿ," ಎಂದೆ. ಅಷ್ಟರಲ್ಲಿ ಒಳಗಿನಿಂದ ಸಿಸ್ಟರ್ ಕರೆದರು. ಅವನು ನಮ್ಮನ್ನೂ ಲಿಫ್ಟನ್ನೂ ಮರೆತು ಓಡಿದ.

ಆಗಿದ್ದು ಇದು. ಪಿಎಲ್‌ಸಿಯಲ್ಲಿ ಕೆಲವು ಸಂಕೇತಗಳನ್ನು ಇಂಟರಪ್ಟ್ ಎಂದು ಗುರುತಿಸಬಹುದು. ಅಂಥ ಸಂಕೇತ ಬಂದರೆ ಪಿಎಲ್‌ಸಿ ಮಾಡುತ್ತಿದ್ದ ಸುತ್ತನ್ನು ಇದ್ದಲ್ಲಿಯೇ ನಿಲ್ಲಿಸಿ, ಮೊದಲು ಆ ಸಂಕೇತದ ಕೆಲಸ ಮುಗಿಸಿ, ಆಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕ್ಷಣಮಾತ್ರ ಬಂದು ಹೋಗುವ, ಸುತ್ತಿನಲ್ಲಿ ತಪ್ಪಿಹೋಗಬಹುದಾದ ಸಂಕೇತಗಳಿಗೆಂದು ಇರುವ ಅನುಕೂಲ ಅದು. ಅದರ ಕೆಲಸ ಆದಷ್ಟು ಚಿಕ್ಕದಾಗಿರಬೇಕು, ಏಕೆಂದರೆ ಅಲ್ಲಿ ಕಳೆದ ಸಮಯವೆಲ್ಲ ಮುಖ್ಯ ಸುತ್ತಿಗೆ ಸೇರಿಕೊಳ್ಳುತ್ತದೆ. ಪ್ರಕಾಶ ಕೆಂಪು ಗುಂಡಿಯನ್ನು ಇಂಟರಪ್ಟ್ ಮಾಡಿದ್ದ. ಅದರೊಳಗೆ ಎಲ್ಲ ಮಹಡಿಗಳ ಸರದಿಯನ್ನು ಮತ್ತೆ ಲೆಕ್ಕ ಹಾಕಿಸಿ, ಲಿಫ್ಟಿನೊಳಗಿನ ಫಲಕಕ್ಕೆ ಸಂದೇಶ ಕಳಿಸಿ, ಅದು ತಲುಪುವವರೆಗೆ ಕಾಯುವಂತೆ ಬರೆದಿದ್ದ. ಒಂದು ಸಲಕ್ಕೆ ನಲವತ್ತು ಮಿಲಿಸೆಕೆಂಡ್. ಸಾಲದ್ದಕ್ಕೆ ಎರಡನೇ ಮಹಡಿಯ ಗುಂಡಿ ಸವೆದಿತ್ತು. ಒಮ್ಮೆ ಒತ್ತಿದರೆ ಅದರ ಒಳಗಿನ ಸಂಪರ್ಕ ನಡುಗಿ, ನಾಲ್ಕೈದು ಸಲ ಒತ್ತಿದಂತೆ ಸಂಕೇತ ಹೋಗುತ್ತಿತ್ತು. ಪಿಎಲ್‌ಸಿ ಇವುಗಳಿಗೆಲ್ಲ ಒಂದೊಂದಾಗಿ ಉತ್ತರ ಕೊಡುತ್ತಿದ್ದ ಹೊತ್ತಿನಲ್ಲಿ, ಮಹಡಿ ಬಂತು ಎಂಬ ಸೆನ್ಸರಿನ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಲಿಫ್ಟ್ ತೆವಳುತ್ತಲೇ ಇರುತ್ತಿತ್ತು. ಸರಿಯಾಗಿ ಲಿಫ್ಟ್ ಬಂದು ತಲುಪುವ ಹೊತ್ತಿಗೇ ಯಾರಾದರೂ ತಾಳ್ಮೆಗೆಟ್ಟು ಗುಂಡಿ ಒತ್ತಿದರೆ ಮಾತ್ರ ಹೀಗಾಗುತ್ತಿತ್ತು. ಅದಕ್ಕೇ ಅಷ್ಟು ಅಪರೂಪ.

ಪ್ರಕಾಶ ಮರುದಿನ ಬಂದ. ಮೊದಲು ವಾದಿಸಿದ. "ಎಮರ್ಜೆನ್ಸಿ ಬಟನ್ ಬೇಗ ಕೆಲಸ ಮಾಡ್ಲಿ ಅಂತಾನೇ ಇಂಟರಪ್ಟ್ ಹಾಕಿದ್ದು ಶೈಲಾ. ಅದು ತಪ್ಪಾ?"

"ಮಾಮೂಲಿ ಸುತ್ತಲ್ಲಿ ಓದಿದ್ರೂ ಹನ್ನೆರಡು ಮಿಲಿಸೆಕೆಂಡಲ್ಲಿ ಗೊತ್ತಾಗುತ್ತೆ. ಸ್ಟ್ರೆಚರ್ ತಳ್ಳೋರಿಗೆ ಅಷ್ಟು ಸಾಲ್ದಾ?"

ಅವನೇ ಕೆಳಗೆ ಹೋಗಿ ಗುಂಡಿ ಒತ್ತಿ ಬಂದ. ಪರದೆಯ ಅಂಕಿ ನೋಡಿದ. ಮೆಷಿನ್ ರೂಮಿನ ಹೊಸ್ತಿಲ ಮೇಲೆ ಕೂತ. ನಂತರ ದನಿ ತಗ್ಗಿಸಿ ಹೇಳಿದ: "ಬಟನ್ ಕೆಟ್ಟಿತ್ತು ಅಂತ ಬರಿ. ಸುಳ್ಳೇನಲ್ವಲ್ಲ. ಮುನಿರಾಜುನೂ ಪಾರಾಗ್ತಾನೆ. ಪ್ರೋಗ್ರಾಂ ನಾನು ಇವತ್ತೇ ಸರಿ ಮಾಡ್ಕೊಡ್ತೀನಿ."

ಒಂದು ಕ್ಷಣ ನನಗೂ ಅದು ಹಿತವೆನಿಸಿತು. ಯಾರಿಗೂ ನೋವಾಗದ ದಾರಿ. ಆದರೆ ಎದೆಯೊಳಗೆ ಏನೋ ಕೊರೆಯುತ್ತಲೇ ಇತ್ತು. ಅದೇನೆಂದು ಹೊಳೆದಾಗ ಕೇಳಿದೆ: "ಇದೇ ಪ್ರೋಗ್ರಾಂ ಬೇರೆ ಎಲ್ಲೆಲ್ಲಿ ಹಾಕಿದೀಯ?"

ಅವನು ಬೆರಳು ಮಡಚಿ ಎಣಿಸತೊಡಗಿದ.

"ಪ್ರಕಾಶ, ಎಷ್ಟು ಕಡೆ?"

"ಐದು," ಎಂದ. "ಒಂದು ಮಲ್ಲೇಶ್ವರದ ಛತ್ರ. ಇನ್ನೊಂದು ಚಾಮರಾಜಪೇಟೆ ವೃದ್ಧಾಶ್ರಮ." ಉಳಿದ ಮೂರರ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ.

ಬಟನ್ ಎಂದು ಬರೆದರೆ ಆ ಐದು ಕಡೆಗೆ ಯಾರು ಹೋಗುತ್ತಾರೆ? ನಾನು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ ಎಂದೆ. "ಹೇಳೋದಿದ್ರೆ ನೀನೇ ಮೊದಲು ಹೇಳು. ಡಾಕ್ಟರ್ ಕೆಳಗಡೆ ಇದಾರೆ." ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಮೆಟ್ಟಿಲಿಳಿದ. ಡಾಕ್ಟರ ಕೋಣೆಯಲ್ಲಿ ಅವನು ಏನು ಹೇಳಿದನೋ ನಾನು ಕೇಳಿಲ್ಲ. ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ಡಾಕ್ಟರ್ ಮಾತ್ರ ನೆಟ್ಟಗೆ ಗೇಟಿಗೆ ಹೋದರು. ಸಿಬ್ಬಂದಿಯೆಲ್ಲ ನೋಡುತ್ತಿದ್ದಂತೆಯೇ, "ಮುನಿರಾಜು, ತಪ್ಪು ನಿಂದಲ್ಲ. ನಾನು ವಿಚಾರಿಸದೆ ನಿನ್ನನ್ನ ಇಲ್ಲಿ ನಿಲ್ಲಿಸಿದೆ. ಒಳಗೆ ಬಾ," ಎಂದರು.

ಅಂದೇ ನಾನು, ಪ್ರಕಾಶ ಕೂತು ಪ್ರೋಗ್ರಾಂ ಬದಲಿಸಿದೆವು. ಕೆಂಪು ಗುಂಡಿಯನ್ನು ಮಾಮೂಲಿ ಸುತ್ತಿಗೆ ತಂದು, ನಡುಗುವ ಸಂಪರ್ಕ ಲೆಕ್ಕಕ್ಕೆ ಬಾರದಂತೆ ಮಾಡಿದೆವು. ನಿಜವಾಗಿ ಕಾಯಲಾಗದ್ದು ಮಹಡಿಯ ಸೆನ್ಸರ್. ಅದನ್ನು ಇಂಟರಪ್ಟ್ ಮಾಡಿ, ಒಳಗೆ ಮೂರೇ ಸಾಲು ಬರೆದೆವು. ವಾಚ್‌ಡಾಗನ್ನು ಮೊದಲಿದ್ದ ನೂರೈವತ್ತಕ್ಕೆ ಇಳಿಸಿದೆವು. ಆ ಕೆಲಸದುದ್ದಕ್ಕೂ ಅವನು ಪ್ರೋಗ್ರಾಮಿನದಲ್ಲದೆ ಬೇರೆ ಮಾತಾಡಲಿಲ್ಲ.

ಮುನಿರಾಜುವಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಆಸ್ಪತ್ರೇಲಿ ಹೇಳಿದ್ರಿ ಸರಿ ಮೇಡಂ. ಟೀಚರ್‌ಗೆ ಯಾರು ಹೇಳ್ತಾರೆ?" ಎಂದ. ಆ ವಾರದ ಕೊನೆಗೆ ಪ್ರಕಾಶನನ್ನೂ ಕರೆದುಕೊಂಡು ಮಾವಳ್ಳಿಗೆ ಹೋದೆ. ಕಮಲಾ ಟೀಚರ್ ಬ್ಯಾಂಡೇಜ್ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಮುನಿರಾಜು ಹೊರಬಾಗಿಲಲ್ಲೇ ನಿಂತ.

ಪ್ರಕಾಶ ಎಲ್ಲವನ್ನೂ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ತಾನು ಬರೆದದ್ದು, ವಾಚ್‌ಡಾಗ್ ಏರಿಸಿದ್ದು, ನೋಡದೆಯೇ ಅಟೆಂಡರ್ ಮೇಲೆ ಹಾಕಿದ್ದು, ಅದೇ ಪ್ರೋಗ್ರಾಂ ಇನ್ನೂ ಐದು ಕಡೆ ಇರುವುದು. ಟೀಚರ್ ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಬಾಗಿಲ ಕಡೆ ತಿರುಗಿ, "ಒಳಗೆ ಬಾರೋ ಮುನಿರಾಜು, ಕೂತ್ಕೊ. ನಾನೂ ನಿನ್ನನ್ನ ಅನುಮಾನಿಸಿದೆ," ಎಂದರು. ಅವನು ಬಂದು ಕುರ್ಚಿಯ ಅಂಚಿನಲ್ಲಿ ಕೂತ. ಸೊಸೆ ಕಾಫಿ ತಂದರು. ಪ್ರಕಾಶ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಟೀಚರ್ ಕೇಳಿದರು:

"ಆ ಐದು ಕಡೆ ಅಂದ್ರಲ್ಲ, ಎಲ್ಲಾ ಸರಿ ಮಾಡಿದ್ರಾ?"

"ಮೂರಾಯ್ತು ಅಮ್ಮ. ಇನ್ನೆರಡು ಸೋಮವಾರ ಹೋಗ್ತೀನಿ."

"ಇವತ್ತು ಭಾನುವಾರ. ಅಲ್ಲಿ ಲಿಫ್ಟ್ ನಿಂತಿದ್ಯಾ, ಓಡ್ತಿದ್ಯಾ?"

"ಓಡ್ತಿದೆ."

"ಮತ್ತೆ ಇಲ್ಲಿ ಕೂತು ಏನು ಮಾಡ್ತಿದೀರಿ?"

ಪ್ರಕಾಶ ಲೋಟ ಕೆಳಗಿಟ್ಟ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಚಾಮರಾಜಪೇಟೆಯ ವೃದ್ಧಾಶ್ರಮಕ್ಕೂ ಉಳಿದ ಇನ್ನೊಂದು ಕಡೆಗೂ ಫೋನ್ ಹಚ್ಚಿ, ಲಿಫ್ಟ್ ಈಗಲೇ ಆಫ್ ಮಾಡಿ, ಬರ್ತಿದೀನಿ ಎಂದ. ನಾನೂ ಅವನ ಹಿಂದೆಯೇ ಎದ್ದೆ. ಸ್ಕೂಟರಿನಲ್ಲಿ ಹೊರಟು, ಸಾಯಂಕಾಲದ ಹೊತ್ತಿಗೆ ಎರಡೂ ಕಡೆಯ ಕೆಲಸ ಮುಗಿಸಿದ್ದೆವು.

ಅಂದಿನಿಂದ ಯಾರಾದರೂ ಬಂದು, ಈ ಸಂಕೇತ ಬಹಳ ತುರ್ತಿನದು, ಇದಕ್ಕೊಂದು ಇಂಟರಪ್ಟ್ ಹಾಕೋಣ ಎಂದರೆ ನಾನು ಅದರ ತುರ್ತಿನ ಬಗ್ಗೆ ವಿಚಾರಿಸುವುದಿಲ್ಲ. ಅದನ್ನು ಗಮನಿಸುವಷ್ಟು ಹೊತ್ತು ಏನೇನು ಕಾಯುತ್ತಿರುತ್ತದೆ, ಆ ಕಾಯುವಿಕೆಯ ಹೊಸ್ತಿಲಲ್ಲಿ ಯಾರು ಕಾಲಿಡುತ್ತಿರುತ್ತಾರೆ ಎಂದು ಮಾತ್ರ ಕೇಳುತ್ತೇನೆ. ಉತ್ತರ ಸಿಗುವವರೆಗೆ ಆ ಪ್ಯಾನೆಲ್‌ಗೆ ನಾನು ಸಹಿ ಹಾಕುವುದಿಲ್ಲ.